ನೆನೆದ ಚೀಲಗಳೂ ಒಂದು ಅಲ್ಪವಿರಾಮವೂ

ಚಿಕ್ಕಮಗಳೂರಿನಲ್ಲಿ, ಕಾಫಿಯ ಹೊಟ್ಟು ಬಿಡಿಸಿ ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಹನ್ನೊಂದು ವರ್ಷಗಳಿಂದ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೇನೆ. ತೋಟದವರೊಂದಿಗೆ ಕನ್ನಡ, ಹೊರದೇಶದ ಖರೀದಿದಾರರೊಂದಿಗೆ ಇಂಗ್ಲಿಷ್. ಈ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದವು ‘ಬಂದ’, ‘ನೆನೆದ’, ‘ಒಣಗದ’ ಎಂಬಂಥ ನಮ್ಮ ಪುಟ್ಟ ಪದಗಳು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಜನವರಿಯಲ್ಲಿ ಬರಬಾರದ ಮಳೆ ಬಂತು. ಮುಳ್ಳಯ್ಯನಗಿರಿ ಮಧ್ಯಾಹ್ನದೊಳಗೆ ಮೋಡದಲ್ಲಿ ಮುಚ್ಚಿಹೋಯಿತು. ಕಂಟೇನರಿಗೆ ತುಂಬಿಸಬೇಕಿದ್ದ 320 ಚೀಲಗಳು, ತಲಾ 60 ಕಿಲೋ, ಗೋದಾಮಿನ ಬಾಗಿಲ ಬಳಿ ಅಟ್ಟಿ ಹಾಕಿದ್ದವು. ಟಾರ್ಪಾಲು ಎಳೆಯುವಷ್ಟರಲ್ಲಿ ಅಂಚಿನ 14 ಚೀಲಗಳು ನೆನೆದವು. ಅವನ್ನು ಬೇರೆ ಇಟ್ಟೆವು. ಖರೀದಿದಾರರಿಗೆ ನಾನು ಬರೆದದ್ದು ಹೀಗೆ: ‘ದಿ ಬ್ಯಾಗ್ಸ್, ವಿಚ್ ಗಾಟ್ ವೆಟ್ ಇನ್ ದಿ ರೇನ್, ವರ್ ಕೆಪ್ಟ್ ಅಸೈಡ್.’ ಮರುದಿನ ಬೆಳಿಗ್ಗೆಯೇ ಉತ್ತರ ಬಂತು: ಇಡೀ ಸರಕು ನೆನೆದಿದ್ದರೆ ಸಾಗಣೆ ನಿಲ್ಲಿಸಿ.

ವಾಕ್ಯವನ್ನು ಹತ್ತು ಸಲ ಓದಿದರೂ ತಪ್ಪು ಕಾಣಲಿಲ್ಲ. ಕಾಣಿಸಿಕೊಟ್ಟವರು ನಮ್ಮ ಹಿರಿಯ ಮ್ಯಾನೇಜರ್. ಪೆನ್ಸಿಲಿನಿಂದ ಎರಡು ಅಲ್ಪವಿರಾಮಗಳಿಗೆ ಸುತ್ತು ಹಾಕಿ, “ಇವೆರಡನ್ನೂ ತೆಗೆದು ಓದಿ ನೋಡಮ್ಮ” ಎಂದರು. ತೆಗೆದರೆ ‘ಯಾವ ಚೀಲಗಳು ನೆನೆದವೋ ಅವನ್ನು ಮಾತ್ರ’ ಎಂದಾಗುತ್ತದೆ. ಇಟ್ಟರೆ ‘ಚೀಲಗಳನ್ನು ಬೇರೆ ಇಟ್ಟಿದ್ದೇವೆ, ಅವೆಲ್ಲವೂ ನೆನೆದಿವೆ’ ಎಂದಾಗುತ್ತದೆ. ನಮ್ಮ ‘ನೆನೆದ ಚೀಲಗಳು’ ಎಂಬ ಮಾತಿನಲ್ಲಿ ಅಲ್ಪವಿರಾಮಕ್ಕೆ ಜಾಗವೇ ಇಲ್ಲ. ಎಲ್ಲವೋ ಕೆಲವೋ ಎಂಬುದನ್ನು ಸಂದರ್ಭ ಹೇಳುತ್ತದೆ. ಇಂಗ್ಲಿಷ್ ಅದನ್ನು ಆ ಎರಡು ಚುಕ್ಕೆಗಳ ಮೇಲೆ ಹೊರಿಸುತ್ತದೆ. ಅಂದು ಸಂಜೆಯೇ ಹೊಸ ಪತ್ರ ಕಳಿಸಿದೆ, 14 ಎಂಬ ಸಂಖ್ಯೆಯನ್ನೂ ಸೇರಿಸಿ.

ಅಲ್ಲಿಂದ ಮುಂದೆ ಈ ರಿಲೇಟಿವ್ ಕ್ಲಾಜ್, ಅಂದರೆ ನಾಮಪದವನ್ನು ವಿವರಿಸುವ ಉಪವಾಕ್ಯ, ಎಂಬುದರ ಬೆನ್ನು ಹತ್ತಿದೆ. ಹೈಸ್ಕೂಲಿನಲ್ಲಿ ಓದಿದ ಕೃದಂತವನ್ನು ನೆನಪಿಸಿಕೊಳ್ಳಿ: ಒಣಗಿದ, ಒಣಗುವ, ಒಣಗದ. ಕನ್ನಡದಲ್ಲಿ ಇವು ನಾಮಪದದ ಮುಂದೆ ಬಂದು ನಿಂತರೆ ಕೆಲಸ ಮುಗಿಯಿತು. ಇಂಗ್ಲಿಷಿನಲ್ಲಿ ಮೊದಲು ನಾಮಪದ, ಆಮೇಲೆ ಹೂ, ವಿಚ್ ಅಥವಾ ದಟ್, ಅದರ ಹಿಂದೆ ಕಾಲವನ್ನು ಹೊತ್ತ ಕ್ರಿಯಾಪದ. ‘ಒಣಗಿದ ಕಾಫಿ’ ಎಂದರೆ ‘ದಿ ಕಾಫಿ ದಟ್ ಡ್ರೈಡ್’. ಇಷ್ಟು ಸುಲಭ.

ತೊಡಕು ಇರುವುದು ‘ಒಣಗದ’ ಎಂಬಲ್ಲಿ. ಈ ರೂಪಕ್ಕೆ ಕಾಲವೇ ಇಲ್ಲ. ನಿನ್ನೆ ಒಣಗಲಿಲ್ಲ, ಇನ್ನೂ ಒಣಗಿಲ್ಲ, ಎಂದಿಗೂ ಒಣಗುವುದಿಲ್ಲ – ಮೂರಕ್ಕೂ ಅದೊಂದೇ. ಪಾರ್ಚ್‌ಮೆಂಟ್ ಕಾಫಿ (ತಿರುಳು ತೆಗೆದ, ಹೊಟ್ಟು ಇನ್ನೂ ಬಿಡಿಸದ ಬೀಜ) ಇನ್ನೂ ಕಣದಲ್ಲಿದೆ, ಎರಡು ಬಿಸಿಲು ಬೇಕು ಎಂದು ಹೇಳಬೇಕಾದಲ್ಲಿ ‘ದಿ ಲಾಟ್ ದಟ್ ಡಿಡ್ ನಾಟ್ ಡ್ರೈ’ ಎಂದು ಬರೆದರೆ, ಆ ಲಾಟಿನ ಕತೆ ಮುಗಿಯಿತು, ಕೆಟ್ಟುಹೋಯಿತು ಎಂದು ಓದುವವರಿಗೆ ಅನಿಸಬಹುದು. ‘ಹ್ಯಾಸ್ ನಾಟ್ ಡ್ರೈಡ್ ಯೆಟ್’ ಎಂದರೆ ಅವರು ಕಾಯುತ್ತಾರೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಮುಖ್ಯವಾದದ್ದು ಇದೇ. ವ್ಯಾಕರಣದ ಪ್ರಕಾರ ಎರಡೂ ಸರಿಯಾಗಿರುವುದರಿಂದ ಯಾರೂ ತಿದ್ದುವುದಿಲ್ಲ.

ನಮ್ಮಲ್ಲಿ ಹೊಸದಾಗಿ ಸೇರಿದ, ಆಲ್ದೂರು ಕಡೆಯ ಹುಡುಗಿಯೊಬ್ಬಳಿಗೆ ಈಗ ನಾನು ಕೆಲಸ ಕಲಿಸುತ್ತಿದ್ದೇನೆ. ‘ಬಂದಿದ್ದ ಲಾರಿ’ಗೆ ಅವಳು ‘ದಿ ಲಾರಿ ವಿಚ್ ವಾಸ್ ಕೇಮ್’ ಎಂದು ಬರೆದಳು. ‘ಇದ್ದ’ ಎಂಬುದನ್ನು ‘ವಾಸ್’ ಮಾಡಿದ್ದಾಳೆ, ತರ್ಕ ಗೊತ್ತಾಗುತ್ತದೆ. ಆದರೆ ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ‘ಹ್ಯಾಡ್ ಕಮ್’ ಬೇಕು. ಮಾಮೂಲಿ ಸಂಗತಿಗೆ ಬರಿಯ ‘ಕೇಮ್’ ಸಾಕು. ‘ಡಿಡ್ ನಾಟ್ ಕೇಮ್’ ಕೂಡ ಇದೇ ಜಾತಿಯದು: ಭೂತಕಾಲವನ್ನು ‘ಡಿಡ್’ ಹೊತ್ತ ಮೇಲೆ ಕ್ರಿಯಾಪದ ಮತ್ತೆ ಹೊರುವುದಿಲ್ಲ.

ಕಳೆದ ವಾರದ್ದು ಇನ್ನೂ ಸೂಕ್ಷ್ಮವಾಗಿತ್ತು. “ನಾಳೆ ಮೊದಲು ಬಂದ ಲಾರಿಗೆ ತುಂಬಿಸಿ” ಎಂದು ನಾವು ಸಹಜವಾಗಿ ಹೇಳುತ್ತೇವೆ. ನಮ್ಮ ‘ಬಂದ’ ಹೇಳುವುದು ತುಂಬಿಸುವುದಕ್ಕಿಂತ ಮುಂಚೆ ಬರುವುದನ್ನು. ದಿನ ನಾಳೆಯದಾದರೂ ಅಡ್ಡಿಯಿಲ್ಲ. ಅವಳು ಸಾಗಣೆಯವರಿಗೆ ‘ದಿ ಲಾರಿ ದಟ್ ಕೇಮ್ ಫಸ್ಟ್ ಟುಮಾರೋ’ ಎಂದು ಬರೆದಿದ್ದಳು.

“ಮೇಡಂ, ‘ಬಂದ’ ಭೂತಕಾಲ ತಾನೇ? ಕೇಮ್ ಏಕೆ ತಪ್ಪು?”

ಒಳ್ಳೆಯ ಪ್ರಶ್ನೆ ಎಂದೆ, ಮನಃಪೂರ್ವಕವಾಗಿಯೇ. ಇಂಗ್ಲಿಷಿನ ‘ಕೇಮ್’ ಇಲ್ಲಿ ಲೆಕ್ಕ ಹಾಕುವುದು ನಾವು ಮಾತನಾಡುತ್ತಿರುವ ಈ ಗಳಿಗೆಯಿಂದ ಹಿಂದಕ್ಕೆ. ನಾಳೆಯ ಲಾರಿ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ‘ಕಮ್ಸ್’. ಅವಳು ತನ್ನ ನೋಟ್‌ಬುಕ್ಕಿನಲ್ಲಿ ‘ಬಂದ’ ಎಂದು ಬರೆದು, ಅದರಿಂದ ಎರಡು ಬಾಣ ಎಳೆದು, ಒಂದರ ತುದಿಗೆ ನಿನ್ನೆ, ಇನ್ನೊಂದರ ತುದಿಗೆ ನಾಳೆ ಎಂದು ಗುರುತು ಹಾಕಿಕೊಂಡಳು.

ಆಮೇಲೆ ಕಳಿಸುವ ಮುನ್ನ ಪತ್ರವನ್ನು ಇನ್ನೊಮ್ಮೆ ಓದಿ, ‘ಕೇಮ್’ ಹೊಡೆದುಹಾಕಿ, “ಇಲ್ಲಿ ಅಲ್ಪವಿರಾಮ ಬೇಕೇ ಮೇಡಂ?” ಎಂದು ಕೇಳಿದಳು. ಬೇಡ ಎಂದೆ. ಮೊದಲು ಬರುವ ಒಂದು ಲಾರಿಗೆ ಮಾತ್ರ ತುಂಬಿಸಬೇಕಿತ್ತು.