ಮರೆಯೊಳಗಿನ ಬಾಲ್ ಪೈಥಾನ್
ನಾನು ಸಾಕಿರುವ ಬಾಲ್ ಪೈಥಾನ್ ಎಂಬ ಹೆಬ್ಬಾವಿಗೆ ವಿಶಾಲವಾದ ಗಾಜಿನ ಪೆಟ್ಟಿಗೆಯೊಂದೇ ಸಾಕೆಂದು ನಂಬಿದ್ದ ನಾನು, ಅದು ಮೂರು ವಾರ ಆಹಾರ ಮುಟ್ಟದೆ ನೀರಿನ ಬಟ್ಟಲಿನ ಹಿಂದೆ ಚೆಂಡಿನಂತೆ ಸುತ್ತಿಕೊಂಡೇ ಇದ್ದುದನ್ನು ಕಂಡು, ಇಂದು ಎಲ್ಲವನ್ನೂ ಹೊಸದಾಗಿ ಜೋಡಿಸಿದೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಇಲಿಬಿಲಗಳಲ್ಲಿ, ಗೆದ್ದಲು ಹುತ್ತಗಳಲ್ಲಿ ಹಗಲು ಕಳೆಯುವ ಈ ಜೀವಿಗೆ ಬೇಕಾದದ್ದು ಬರೀ ಬಯಲಲ್ಲ, ಮೈಗೆ ಒತ್ತುವಷ್ಟು ಇಕ್ಕಟ್ಟಾದ ಮರೆ; ಅದೂ ಬೆಚ್ಚಗಿನ ಬದಿಗೊಂದು, ತಂಪು ಬದಿಗೊಂದು, ಇಲ್ಲವಾದರೆ ಶಾಖಕ್ಕಾಗಿ ಅಡಗುತಾಣವನ್ನೇ ಬಿಡಬೇಕಾಗುತ್ತದೆ. ಒಂದು ತುದಿಯಲ್ಲಿ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದರಲ್ಲಿ 26, ತೇವಾಂಶ ಶೇ. 60ರ ಆಸುಪಾಸು. ಶಾಖವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಇಟ್ಟರೆ ಹಾವಿನ ಹೊಟ್ಟೆ ಸುಟ್ಟೀತು ಎಂಬುದರಲ್ಲಿ ನನಗೆ ರಾಜಿಯಿಲ್ಲ. ಒದ್ದೆ ಮಾಡಿದ ತೆಂಗಿನ ನಾರಿನ ಪುಡಿಯನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡುವಾಗ ನನ್ನ ತೋಳೆಲ್ಲ ಕಂದಾಯಿತು. ಈಗ ಬೆಚ್ಚಗಿನ ಮರೆಯ ಬಾಯಲ್ಲಿ ಮೂತಿಯ ತುದಿ ಮಾತ್ರ ಕಾಣುತ್ತಿದೆ, ಆಗೊಮ್ಮೆ ಈಗೊಮ್ಮೆ ನಾಲಿಗೆ.