ಆರು ತಿಂಗಳಿಗೆ ಒಂದೇ ಫೋಟೊ

ವಿಜಯಪುರ, 21 ಜೂನ್ 2025, ಶನಿವಾರ

ಡಿಸೆಂಬರ್ 21ಕ್ಕೆ ಮಾಳಿಗೆಯ ಮೇಲೆ ಕಟ್ಟಿದ ಡಬ್ಬಿಗೆ ಇವತ್ತು 182 ದಿನ ತುಂಬಿತು, ಇಳಿಸಬೇಕು. ಲೆನ್ಸ್ ಇಲ್ಲ, ಶಟರ್ ಇಲ್ಲ. ತಂಪುಪಾನೀಯದ ಖಾಲಿ ಡಬ್ಬಿ, ಅದರ ಹೊಟ್ಟೆಗೆ 0.3 ಮಿ.ಮೀ. ಸೂಜಿತೂತು, ಒಳಗೆ ಕಪ್ಪು-ಬಿಳುಪು ಫೋಟೊ ಕಾಗದ. ಸೂರ್ಯ ಅದರ ಮೇಲೆ ದಿನಕ್ಕೊಂದು ಗೆರೆ ಎಳೆಯುತ್ತಾನೆ. ಸೋಲಾರ್‌ಗ್ರಫಿ ಅಂದರೆ ಇದೇ.

ಯುರೋಪಿನವರು ಹೇಳಿದ ಹಾಗೆ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿ ದಕ್ಷಿಣಕ್ಕೆ ಮುಖ ಮಾಡಿದರೆ ನಮ್ಮ ಕಡೆ ಕೆಲಸ ಕೆಡುತ್ತದೆ. ಡಬ್ಬಿಯ ವ್ಯಾಸ 66 ಮಿ.ಮೀ., ಎತ್ತರ 115. ನಡುಮಧ್ಯದ ತೂತಿಗೆ ಕಾಣುವುದು ದಿಗಂತದಿಂದ ಸುಮಾರು 40 ಡಿಗ್ರಿವರೆಗೆ ಮಾತ್ರ. ವಿಜಯಪುರ ಇರುವುದು 16.8 ಡಿಗ್ರಿ ಅಕ್ಷಾಂಶದಲ್ಲಿ. ಡಿಸೆಂಬರಿನ ಚಳಿಯಲ್ಲೂ ಮಧ್ಯಾಹ್ನದ ಸೂರ್ಯ 50 ಡಿಗ್ರಿ ಮೇಲಿರುತ್ತಾನೆ. ಮೇ ಎರಡನೇ ವಾರದ ಹೊತ್ತಿಗೆ ನೆತ್ತಿ ದಾಟಿ ಉತ್ತರಕ್ಕೇ ವಾಲುತ್ತಾನೆ. ಅದಕ್ಕೇ, ಬೆಳಗಿನ ತಗ್ಗು ಸೂರ್ಯ ಸಿಗಲೆಂದು, ಪೂರ್ವಕ್ಕೆ ಮುಖ ಮಾಡಿ ಕಟ್ಟಿದ್ದು. ಗೋಳಗುಮ್ಮಟವೂ ಆ ಕಡೆಗೇ ಇದೆ.

ಆದರೆ ಗುಮ್ಮಟ ದೊಡ್ಡದಾಗಿ ಬರುತ್ತದೆಂಬ ಆಸೆ ಬೇಡ. 44 ಮೀಟರ್ ವ್ಯಾಸದ ಗುಮ್ಮಟ ಒಂದು ಕಿಲೋಮೀಟರ್ ದೂರದಿಂದ ಕಾಗದದ ಮೇಲೆ 3 ಮಿ.ಮೀ., ಒಂದು ಜೋಳದ ಕಾಳಿನಷ್ಟು. 300 ಮೀಟರಿಗೆ ಬಂದರೆ 10 ಮಿ.ಮೀ. ಹತ್ತಿರ ಬೇಕೆಂದು ಸ್ಮಾರಕದ ಆವರಣದೊಳಗೆ ಕಟ್ಟಲು ಹೋಗಬಾರದು. ಯಾರದಾದರೂ ಮಾಳಿಗೆಯನ್ನು ಕೇಳಿಕೊಳ್ಳುವುದೇ ಸರಿ.

ಕಾಗದ 5×7 ಇಂಚಿನದು. ಕೆಂಪು ದೀಪದಲ್ಲಿ ಅಗಲವನ್ನು 110 ಮಿ.ಮೀ.ಗೆ ಕತ್ತರಿಸಿ ಸುರುಳಿ ಮಾಡಿ ಇಳಿಬಿಟ್ಟರೆ, ಎರಡು ಅಂಚುಗಳ ನಡುವೆ ಸುಮಾರು 3 ಸೆಂ.ಮೀ. ಖಾಲಿ ಉಳಿಯುತ್ತದೆ. ತೂತು ಆ ಖಾಲಿಯ ನಡುವೆ ಬರಬೇಕು. ತೂತಿನ ಒಳಗಿನ ಮುಳ್ಳನ್ನು ಮೊದಲೇ ಪಾಲಿಶ್ ಪೇಪರಿನಿಂದ ಉಜ್ಜದಿದ್ದರೆ ಗೆರೆ ಮಸುಕು.

ಟೇಪನ್ನು ನಂಬಿ ಕಟ್ಟಿದರೆ ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಡಬ್ಬಿ ತಿರುಗುತ್ತದೆ, ಒಂದು ಗುಮ್ಮಟ ಎರಡಾಗುತ್ತದೆ. ಕಟ್ಟಡ ಕೆಲಸದ ಬೈಂಡಿಂಗ್ ತಂತಿ, ಎರಡು ಕಡೆ ಬಿಗಿದರೆ ಸಾಕು. ಮುಚ್ಚಳ ಕೆಳಗಿರಲಿ, ನೀರು ನಿಲ್ಲುವುದಿಲ್ಲ.

ಗೆರೆ ಓದುವುದನ್ನೂ ಕಲಿಯಬೇಕು. ಒಂದು ಗೆರೆ ಮಾತ್ರ ತುಂಡಾಗಿದ್ದರೆ ಅದು ಆ ದಿನದ ಮೋಡ. ಎಲ್ಲ ಗೆರೆಗಳೂ ಒಂದು ದಿನದಿಂದಾಚೆ ಮಂಕಾಗಿದ್ದರೆ ತೂತಿನಲ್ಲಿ ಎರೆಮಣ್ಣಿನ ಧೂಳು ಕೂತಿದೆ. ಬೀದಿಯಲ್ಲಿ ಓಡಾಡಿದವರಲ್ಲಿ ಒಬ್ಬರೂ ಸಿಗುವುದಿಲ್ಲ; ದಿನಾ ಒಂದೇ ಜಾಗದಲ್ಲಿ ನಿಲ್ಲುವ ತಳ್ಳುಗಾಡಿ ಹೊಗೆಯಂತೆ ಉಳಿದರೆ ಉಂಟು. ಇದನ್ನು ಸುಳ್ಳು ಅನ್ನಲಾಗದು, ಕ್ಯಾಮೆರಾ ಕಣ್ಣು ಮುಚ್ಚಿಯೇ ಇಲ್ಲ.

ಇಳಿಸಿದ ಕಾಗದಕ್ಕೆ ಡೆವಲಪರ್ ಬೇಡ, ಚಿತ್ರ ಸ್ಥಿರಗೊಳಿಸುವ ಹೈಪೊ ದ್ರಾವಣ ಬೇಡವೇ ಬೇಡ; ಹೈಪೊದಲ್ಲಿ ಚಿತ್ರ ಮಸುಕಾಗುತ್ತದೆ. ಸ್ಕ್ಯಾನರಿನ ಬೆಳಕೂ ಕಾಗದವನ್ನು ಕಪ್ಪಾಗಿಸುವುದರಿಂದ ಪ್ರಿವ್ಯೂ ಒತ್ತದೆ ಒಂದೇ ಸಲ, ಬಣ್ಣದಲ್ಲಿ, 600 ಡಿಪಿಐ. ನಂತರ ನೆಗೆಟಿವನ್ನು ಪಾಸಿಟಿವ್ ಮಾಡಿ, ಎಡ-ಬಲ ಅದಲು ಬದಲು ಮಾಡಬೇಕು. ಡಿಸೆಂಬರಿನ ಗೆರೆ ಬಲಕ್ಕೆ, ಜೂನಿನದು ಎಡಕ್ಕೆ ಬಂದರೆ ಸರಿಯಾಯಿತು.

ಹೊಸ ಡಬ್ಬಿ ಸಂಜೆಯೊಳಗೆ ಅದೇ ಕಂಬಕ್ಕೆ. ಮುಚ್ಚಳಕ್ಕೆ ಈ ಸಲ ಟೇಪು ಎರಡು ಸುತ್ತು ಜಾಸ್ತಿ. ಮಳೆಗಾಲ ಪೂರ್ತಿ ಇದರ ಪಾಲಿಗೆ.