ದೂರದ ಬೈಕ್ ಪ್ರಯಾಣಕ್ಕೆ ಸೀಟು: ಅಂಗಡಿಯಲ್ಲಿ ಮೆತ್ತಗಿದ್ದದ್ದು ದಾರಿಯಲ್ಲಿ ಏಕೆ ಕಾಡುತ್ತದೆ

ದಿನಕ್ಕೆ 400–500 ಕಿ.ಮೀ. ಲೆಕ್ಕದಲ್ಲಿ ಮೂರ್ನಾಲ್ಕು ದಿನ ಓಡಿಸುವ ಪ್ರಯಾಣದಲ್ಲಿ ಮೊದಲ ಅರ್ಧ ಗಂಟೆ ಯಾವ ಸೀಟೂ ಅಷ್ಟಾಗಿ ತಕರಾರು ಮಾಡುವುದಿಲ್ಲ. ಅದರ ಗುಣ ಗೊತ್ತಾಗುವುದು ಎರಡನೇ ಗಂಟೆಯಲ್ಲಿ. ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದೆಯೆಂದು ಕೊಂಡವರು ಪೇಚಿಗೆ ಸಿಕ್ಕುವುದೂ ಆಗಲೇ. ತೀರಾ ಮೆತ್ತನೆಯ ಫೋಮು ಮೈಭಾರಕ್ಕೆ ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಹೋಗುತ್ತದೆ. ಪೂರ್ತಿ ಕುಸಿದ ಮೇಲೆ ನೀವು ಕೂತಿರುವುದು ಅಡಿಯ ಪ್ಲಾಸ್ಟಿಕ್ ತಳದ ಮೇಲೆ ಎಂದೇ ಲೆಕ್ಕ. ಒತ್ತಿದಾಗ ತುಸು ಬಿಗಿ ಅನ್ನಿಸಿ, ಕೂತಾಗ ನಿಧಾನವಾಗಿ ಒಪ್ಪಿಕೊಳ್ಳುವ ಫೋಮೇ ದೂರಕ್ಕೆ ಆಗಿಬರುವುದು.

ಹೊಸ ಸೀಟಿಗೆ ದುಡ್ಡು ಸುರಿಯುವ ಮೊದಲು ನೋವು ಎಲ್ಲಿ ಬರುತ್ತದೆ ಎಂದು ಗಮನಿಸಿ. ಕೂತಾಗ ಮೈಭಾರ ಹೊರುವ ಎರಡು ಮೂಳೆಗಳ ಕೆಳಗೇ ನೋವಿದ್ದರೆ ಒಂದೋ ಫೋಮು ಕುಸಿದಿದೆ, ಇಲ್ಲವೇ ಸೀಟು ಅಗಲ ಸಾಲದು. ಬೆನ್ನೆಲುಬಿನ ಕೆಳತುದಿಯಲ್ಲಿದ್ದರೆ ನೀವು ಹಿಂದಕ್ಕೆ ವಾಲಿ ಕೂರುತ್ತಿದ್ದೀರಿ. ಕಾಲು ಮುಂದಕ್ಕೆ ಚಾಚುವ ಕ್ರೂಸರ್ ಬೈಕುಗಳಲ್ಲಿ ಇದು ಹೆಚ್ಚು, ಏಕೆಂದರೆ ಗುಂಡಿ ಬಂದಾಗ ಕಾಲೂರಿ ಮೈ ಎತ್ತಲು ಆಗುವುದಿಲ್ಲ. ತೊಡೆಸಂದಿನಲ್ಲಿ ಜೋಮು ಹಿಡಿದರೆ ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಿದೆ, ಪ್ರತಿ ಬ್ರೇಕಿಗೂ ಮೈ ಮುಂದಕ್ಕೆ ಜಾರಿ ನರ ಒತ್ತುತ್ತಿದೆ. ಜೋಮನ್ನು ಸಹಿಸಿಕೊಂಡು ಓಡಿಸುವ ಹಟ ಬೇಡ. ಮಂಡಿ ನೋವಿಗೆ ಕಾರಣ ಬೇರೆ: ಸೀಟಿಗೂ ಕಾಲಿಡುವ ಫುಟ್‌ಪೆಗ್ಗಿಗೂ ನಡುವಿನ ಅಂತರ ಕಡಿಮೆಯಾಗಿ ಮಂಡಿ ಅತಿಯಾಗಿ ಮಡಚಿರುತ್ತದೆ. ಎರಡು ಸೆಂ.ಮೀ. ಎತ್ತರಿಸಿದರೂ ಸಾಕಷ್ಟು ಹಗುರಾಗುತ್ತದೆ. ಆದರೆ ನಿಂತಾಗ ಕಾಲು ನೆಲಕ್ಕೆ ಎಟಕುತ್ತದೆಯೇ ಎಂಬುದನ್ನು ಲಗೇಜು ಹೇರಿಕೊಂಡೇ ನೋಡಬೇಕು.

ಅಗಲದ ಅಳತೆ ಮನೆಯಲ್ಲೇ ತೆಗೆಯಬಹುದು. ಗಟ್ಟಿ ಕುರ್ಚಿಯ ಮೇಲೆ ದಪ್ಪ ರಟ್ಟಿನ ಪೆಟ್ಟಿಗೆಯ ತುಂಡಿಟ್ಟು, ತೆಳು ಬಟ್ಟೆಯಲ್ಲಿ ಅದರ ಮೇಲೆ ಒಂದೆರಡು ನಿಮಿಷ ಭಾರ ಬಿಟ್ಟು ಕೂತು ಏಳಿ. ಎರಡು ತಗ್ಗು ಮೂಡಿರುತ್ತವೆ. ಅವುಗಳ ನಡುಮಧ್ಯದ ಅಂತರ ಸಾಮಾನ್ಯವಾಗಿ 10ರಿಂದ 15 ಸೆಂ.ಮೀ. ಒಳಗಿರುತ್ತದೆ. ನೀವು ಕೂರುವ ಜಾಗದ ಸಪಾಟು ಭಾಗ ಇದಕ್ಕಿಂತ ಎರಡೂ ಬದಿಗೆ ಧಾರಾಳವಾಗಿ ಚಾಚಿರಬೇಕು. ಹೊಲಿಗೆಯ ಗೆರೆ ಆ ಎರಡು ಬಿಂದುಗಳ ಮೇಲೆ ಹಾಯದಂತೆ ನೋಡಿಕೊಳ್ಳಿ. ಟ್ಯಾಂಕಿನ ಹತ್ತಿರ ಮಾತ್ರ ಸೀಟು ಸಣಕಲಾಗಿಯೇ ಇರಲಿ. ಅಲ್ಲೂ ಅಗಲವಾದರೆ ತೊಡೆಯೊಳಗೆ ಉಜ್ಜುತ್ತದೆ, ಕಾಲೂ ನೆಲಕ್ಕೆ ಸಿಗುವುದಿಲ್ಲ.

ಇಳಿಜಾರನ್ನು ಸರಿಪಡಿಸಲು ಒಂದು ಅಗ್ಗದ ದಾರಿಯಿದೆ. ಬಹಳಷ್ಟು ಸೀಟುಗಳ ತಳದಲ್ಲಿ ಫ್ರೇಮಿನ ಮೇಲೆ ಕೂರುವ ರಬ್ಬರ್ ಬುಶ್‌ಗಳಿರುತ್ತವೆ. ಮುಂದಿನ ಜೋಡಿಯ ಕೆಳಗೆ 3–4 ಮಿ.ಮೀ. ದಪ್ಪದ ವಾಷರ್ ಕೊಟ್ಟರೆ ಸೀಟಿನ ಮುಂತುದಿ ಸ್ವಲ್ಪ ಮೇಲೇಳುತ್ತದೆ. ಎರಡು ಕಡೆಯೂ ಸಮನಾಗಿ ಕೊಡಿ, ಇಲ್ಲದಿದ್ದರೆ ತಳ ತಿರುಚಿಕೊಂಡು ಬಿರುಕು ಬಿಡುತ್ತದೆ. ಮುಂದಿನ ಕೊಂಡಿ ತನ್ನ ಜಾಗದಲ್ಲಿ ಕೂತಿದೆಯೇ, ಹಿಂದಿನ ಲಾಕು ಟಕ್ಕೆಂದು ಬೀಳುತ್ತದೆಯೇ ಎಂದು ಎಳೆದು ನೋಡದೆ ಹೊರಡಬೇಡಿ.

ಮೇಲೆ ಹಾಕುವ ಕುಷನ್‌ಗಳ ವಿಚಾರಕ್ಕೆ ಬಂದರೆ, ಜೆಲ್ ಮೇಲೆ ನಮಗೆ ಅಷ್ಟು ಒಲವಿಲ್ಲ. ಬಿಸಿಲಲ್ಲಿ ನಿಲ್ಲಿಸಿದರೆ ಕಾವಲಿಯಂತೆ ಕಾಯುತ್ತದೆ, ಬೇಗ ಆರುವುದೂ ಇಲ್ಲ. ಮೆಮೊರಿ ಫೋಮು ಚಳಿಗೆ ಗಟ್ಟಿಯಾಗುತ್ತದೆ, ಬಿಸಿಗೆ ಸಡಿಲವಾಗುತ್ತದೆ. ಗಾಳಿಯ ಕುಷನ್ ನಿಜಕ್ಕೂ ಒಳ್ಳೆಯದು, ಆದರೆ ಅದನ್ನು ಹಾಳುಮಾಡುವುದು ಹೆಚ್ಚು ಊದುವ ಚಪಲ. ತುಂಬಿಸಿ, ಮೇಲೆ ಕೂತು, ನಿಧಾನವಾಗಿ ಗಾಳಿ ಬಿಡುತ್ತಾ ಹೋಗಿ. ಮೂಳೆಗೂ ಸೀಟಿಗೂ ನಡುವೆ ಒಂದೆರಡು ಸೆಂ.ಮೀ. ಉಳಿದಾಗ ನಿಲ್ಲಿಸಿ. ಬೈಕು ತಿರುವಿನಲ್ಲಿ ಓಲಾಡಿದಂತೆ ಅನ್ನಿಸಿದರೆ ಗಾಳಿ ಇನ್ನೂ ಜಾಸ್ತಿಯಿದೆ. ಘಟ್ಟ ಹತ್ತುವಾಗ ಹೊರಗಿನ ಒತ್ತಡ ತಗ್ಗಿ ಅದು ತಾನಾಗಿಯೇ ಉಬ್ಬುತ್ತದೆ, ಮೇಲೆ ತಲುಪಿದ ನಂತರ ಮತ್ತೆ ಹೊಂದಿಸಿ. ಬರೀ ಬೆವರು, ಉರಿಯಷ್ಟೇ ತೊಂದರೆಯಾದರೆ ಗಾಳಿಯಾಡುವ ದಪ್ಪ ಜಾಲರಿಯ ಕವರ್ ಸಾಕು. ಕುರಿ ಉಣ್ಣೆಯ ಹೊದಿಕೆಯೂ ತೇವ ಹೀರಿ ಗಾಳಿಯಾಡಿಸುತ್ತದೆ, ಮಳೆಯಲ್ಲಿ ನೆನೆದರೆ ಮಾತ್ರ ಒಣಗಿಸುವುದು ದೊಡ್ಡ ಕೆಲಸ.

ಫೋಮು ಬದಲಿಸಿ ಹೊಸ ರೆಕ್ಸಿನ್ ಹೊದಿಸುವುದಾದರೆ, ಹೊಲಿಗೆಯ ತೂತುಗಳಿಂದ ನೀರು ಇಳಿಯುತ್ತದೆ ಎಂಬುದು ನೆನಪಿರಲಿ. ಫೋಮಿಗೂ ಹೊದಿಕೆಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಲು ಹೇಳಿ. ನೀರು ಕುಡಿದ ಫೋಮು ಮಳೆ ನಿಂತು ದಿನವಾದರೂ ಕೂತಾಗಲೆಲ್ಲ ಪ್ಯಾಂಟು ಒದ್ದೆ ಮಾಡುತ್ತದೆ. ಸ್ಟೇಪಲ್ ಪಿನ್ನು ತುಕ್ಕು ಹಿಡಿಯದ ಸ್ಟೀಲಿನದಿರಲಿ, ಉದ್ದ ತಳದ ದಪ್ಪ ಮೀರದಿರಲಿ.

ಎಷ್ಟೋ ಸಲ ಬೈಗುಳ ತಿನ್ನುವುದು ಸೀಟು, ತಪ್ಪು ಹಿಂದಿನ ಸಸ್ಪೆನ್ಷನ್ನಿನದು. ಸವಾರ, ಲಗೇಜು ಎರಡೂ ಏರಿದ ಮೇಲೆ ಅದು ತಾನು ಮೇಲೆ ಕೆಳಗೆ ಚಲಿಸಬಲ್ಲ ಒಟ್ಟು ದೂರದ ಸುಮಾರು ಮೂರನೇ ಒಂದರಷ್ಟು ತಗ್ಗಬೇಕು. ಪ್ರೀಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ, ಅತಿಯಾಗಿ ಬಿಗಿದಿದ್ದರೆ ಏಟು ನೇರ ಬೆನ್ನಿಗೆ ಬರುತ್ತದೆ, ಸೀಟೂ ಮುಂದಕ್ಕೆ ವಾಲುತ್ತದೆ. ಹಾಗೆಯೇ ದಪ್ಪ ಹೊಲಿಗೆಯ ಜೀನ್ಸ್, ಹಿಂಜೇಬಿನ ಪರ್ಸು ಇವೆರಡನ್ನೂ ಮನೆಯಲ್ಲೇ ಬಿಡಿ. ಬೆವರು ಹಿಡಿದಿಡುವ ಹತ್ತಿಯ ಒಳಉಡುಪಿಗಿಂತ ಹೊಲಿಗೆ ಕಡಿಮೆಯಿರುವ ಸೈಕಲ್ ಸವಾರರ ಚಡ್ಡಿಯಂಥದ್ದು ವಾಸಿ.

ಏನೇ ಬದಲಿಸಿದರೂ ಹೊರಡುವ ದಿನಕ್ಕೆ ಮೂರು ವಾರ ಮೊದಲೇ ಮುಗಿಸಿ. ಹೊಸ ಫೋಮು ಹದಕ್ಕೆ ಬರಲು ನೂರಾರು ಕಿ.ಮೀ. ಓಡಬೇಕು. ಪ್ರಯಾಣದ ಬಟ್ಟೆಯಲ್ಲೇ, ಅಷ್ಟೇ ಲಗೇಜಿನೊಂದಿಗೆ ಒಮ್ಮೆಯಾದರೂ 200 ಕಿ.ಮೀ. ಹೋಗಿಬನ್ನಿ. ಆ ಹೊತ್ತಿನಲ್ಲಿ ಹಿಂಬದಿಯ ಚೀಲವನ್ನೂ ಗಮನಿಸಿ: ಅದು ಬೆನ್ನಿಗೆ ತಾಗುವಷ್ಟು ಮುಂದೆ ಬಿಗಿದಿದ್ದರೆ, ಕೂತ ಜಾಗದಿಂದ ಹಿಂದೆ ಮುಂದೆ ಸರಿದು ಭಾರ ಬದಲಿಸಲು ಆಗದೆ, ಎಷ್ಟು ಒಳ್ಳೆಯ ಸೀಟಾದರೂ ಒಂದೇ ಕಡೆ ಒತ್ತುತ್ತದೆ. ಒಂದು ಗೇಣು ಹಿಂದಕ್ಕೆ ಕಟ್ಟಿ.